ಗಾಯಗೊಂಡ ಹೃದಯಕ್ಕೆ ಬರುವ ಓಲೆಗಳು

ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೆ ಕಳೆದ ಮಾಘಮಾಸದ ಒಂದು ರಾತ್ರಿ ಎದೆ ಹಿಡಿದುಕೊಂಡಿತು. ಊಟವಾಗಿ ಒಂದು ಗಂಟೆ ಕಳೆದಿತ್ತು. ವಾಯುವಿರಬೇಕೆಂದು ಜೀರಿಗೆ ಕಷಾಯ ಕುಡಿದರು. ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಂಡರು. ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡಿದರು. ಬೆಳಿಗ್ಗೆ ಮಗ ಬಲವಂತದಿಂದ ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಹೃದಯದ ಒಂದು ರಕ್ತನಾಳ ಕಟ್ಟಿಕೊಂಡು ಒಂಬತ್ತು ಗಂಟೆಗಳಾಗಿದ್ದುವು. ವೈದ್ಯರು ನಾಳವನ್ನು ತೆರೆದರು, ಪ್ರಾಣ ಉಳಿಯಿತು.

ಎರಡು ತಿಂಗಳ ಮೇಲೆ ಮೇಷ್ಟ್ರು ಅಧ್ಯಾಪಕರ ಕೊಠಡಿಗೆ ಬಂದು ಕುಳಿತು, "ಪಂಡಿತರೇ, ಜೀವಮಾನವೆಲ್ಲ ಹುಡುಗರಿಗೆ ಕಲೆ ಕಲಿಸಿದೆ. ಈಗ ನನ್ನ ಎದೆಯೊಳಗೇ ಒಂದು ಕಲೆ ಆಗಿದೆಯಂತೆ" ಎಂದರು. ಸಂಸ್ಕೃತದ ಕಲೆ ಬೇರೆ, ಗಾಯ ಮಾಯ್ದ ಮೇಲೆ ಉಳಿಯುವ ಅಚ್ಚಗನ್ನಡದ ಕಲೆ ಬೇರೆ. ಶ್ಲೇಷೆ ಚೆನ್ನಾಗಿತ್ತು, ನಕ್ಕೆವು. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. "ಬೆರಳು ಕುಯ್ದುಕೊಂಡರೆ ಎಂಟು ದಿನದಲ್ಲಿ ಕೂಡಿಕೊಳ್ಳುತ್ತದೆ. ಎದೆಯದು ಏಕೆ ಕೂಡಿಕೊಳ್ಳುವುದಿಲ್ಲ? ಸತ್ತ ಭಾಗ ಮತ್ತೆ ಬೆಳೆಯಲಾರದೆ?" ಎಂದು ಕೇಳಿದರು.

ನಾನು ವೈದ್ಯನಲ್ಲ, ವ್ಯಾಕರಣ ಪಾಠ ಹೇಳುವವನು. ಆದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ. ವಿಜ್ಞಾನದ ಉಪಾಧ್ಯಾಯರಿಂದ ಪುಸ್ತಕಗಳನ್ನು ಇಸಿದುಕೊಂಡು ಓದಿದೆ, ತಿಳಿಯದುದನ್ನು ಅವರಿಂದ ಕೇಳಿದೆ. ಹಾಗೆ ತಿಳಿದುದನ್ನು ರೇಡಿಯೋ ಕೇಳುವ ಮನೆಗಳವರ ಮುಂದೆಯೂ ಇಡಬಹುದೆಂದು ಈ ಬರಹ.

ಹೃದಯವು ನಮ್ಮ ಮುಷ್ಟಿಯಷ್ಟು ದೊಡ್ಡದು, ತೂಕ ಸುಮಾರು ೩೦೦ ಗ್ರಾಂ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅದರ ಒಡಲಲ್ಲಿ ಸದಾ ರಕ್ತ ತುಂಬಿರುತ್ತದಾದರೂ ಅದರ ದಪ್ಪ ಗೋಡೆಗೆ ಆ ರಕ್ತ ದಕ್ಕುವುದಿಲ್ಲ. ಹೊಳೆಯಲ್ಲಿ ನಿಂತು ಬಾಯಾರುವ ಸ್ಥಿತಿ ಅದರದು. ಮಹಾಧಮನಿಯ ಬುಡದಲ್ಲಿ ಕವಲೊಡೆದು ಹೃದಯವನ್ನು ಕಿರೀಟದಂತೆ ಸುತ್ತುವರಿದ ಎರಡು ಸಣ್ಣ ನಾಳಗಳೇ ಅದಕ್ಕೆ ಅನ್ನದಾತರು. ಇವಕ್ಕೆ ಕಿರೀಟಧಮನಿಗಳೆಂದು ಹೆಸರು. ವರ್ಷಗಟ್ಟಲೆ ಒಳಗೋಡೆಯಲ್ಲಿ ಜಮೆಯಾದ ಕೊಬ್ಬಿನ ಗಂಟು ಒಂದು ದಿನ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ನಾಳ ಮುಚ್ಚಿಹೋಗುತ್ತದೆ.

ಮುಚ್ಚಿದೊಡನೆ ಆ ಭಾಗವೆಲ್ಲ ಒಮ್ಮೆಗೇ ಸತ್ತುಹೋಗುವುದೆಂದು ನಾನು ತಿಳಿದಿದ್ದೆ. ಅದು ತಪ್ಪು. ಅಮೆರಿಕದ ರೈಮರ್, ಜೆನ್ನಿಂಗ್ಸ್ ಮೊದಲಾದವರು ೧೯೭೭ರಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗಗಳಿಂದ, ಸಾವು ಗೋಡೆಯ ಒಳಪದರದಲ್ಲಿ ಹುಟ್ಟಿ ಅಲೆಯಂತೆ ಹೊರಕ್ಕೆ ನಡೆಯುತ್ತದೆಂದು ತಿಳಿದುಬಂತು. ನಾಳವನ್ನು ೪೦ ನಿಮಿಷ ಕಟ್ಟಿ ಬಿಟ್ಟರೆ ಗೋಡೆಯ ದಪ್ಪದಲ್ಲಿ ನೂರಕ್ಕೆ ಸುಮಾರು ೩೮ ಪಾಲು ಸತ್ತಿರುತ್ತಿತ್ತು. ೩ ಗಂಟೆಗೆ ೫೭, ೬ ಗಂಟೆಗೆ ೭೧. ಮನುಷ್ಯರಲ್ಲಿ ಅಕ್ಕಪಕ್ಕದ ಸಣ್ಣ ನಾಳಗಳಿಂದ ಒಸರುವ ರಕ್ತವನ್ನು ಅನುಸರಿಸಿ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆಯಾದೀತು, ಕ್ರಮ ಮಾತ್ರ ಇದೇ.

ಈ ಅಂಕಿಗಳ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಜೇವಿಯರ್ ಮತ್ತು ಸಂಗಡಿಗರು ಭಾರತದ ೫೦ ನಗರಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ವಿವರ ಕೂಡಿಸಿ ೨೦೦೮ರಲ್ಲಿ ಪ್ರಕಟಿಸಿದರು. ನೋವು ಕಾಣಿಸಿದಂದಿನಿಂದ ಆಸ್ಪತ್ರೆ ಮುಟ್ಟುವವರೆಗೆ ಹಿಡಿದ ಕಾಲ, ರೋಗಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನಡುವಿನವನಿಗೆ, ೩೬೦ ನಿಮಿಷ. ಅಂದರೆ ಆರು ಗಂಟೆ! ಕಷಾಯ ಕುಡಿದು ಗೋಡೆಗೆ ಒರಗಿದವರು ನಮ್ಮ ಮೇಷ್ಟ್ರೊಬ್ಬರೇ ಅಲ್ಲ.

ಇನ್ನು ನಾಳ ತೆರೆದು ರಕ್ತ ಮತ್ತೆ ಹರಿದಾಗ ಏನಾಗುತ್ತದೆ? ಬತ್ತಿದ ಕಾಲುವೆಗೆ ನೀರು ಬಂದ ಹಾಗೆ ಎಲ್ಲವೂ ಹಸಿರಾಗಬೇಕಷ್ಟೆ. ಆಗುವುದೂ ಉಂಟು. ಆದರೆ ಬಹುದಿನ ಉಪವಾಸವಿದ್ದವನಿಗೆ ಒಮ್ಮೆಲೇ ಹೊಟ್ಟೆತುಂಬ ಬಡಿಸಬಾರದೆಂದು ಹಿರಿಯರು ಹೇಳುವಂತೆ, ಆಮ್ಲಜನಕವಿಲ್ಲದೆ ಬಳಲಿದ ಜೀವಕೋಶಕ್ಕೆ ಅದು ಹಠಾತ್ತನೆ ನುಗ್ಗಿದರೆ ಹೊಸ ಕೇಡು ಹುಟ್ಟುತ್ತದೆ. ಪ್ರತಿಯೊಂದು ಕೋಶದಲ್ಲಿಯೂ ಮೈಟೊಕಾಂಡ್ರಿಯ ಎಂಬ ನೂರಾರು ಒಲೆಗಳಿವೆ. ಕೋಶದ ಶಕ್ತಿಯೆಲ್ಲ ಬೇಯುವುದು ಅಲ್ಲಿ. ರಕ್ತ ಮರಳಿದ ಮೊದಲ ಕೆಲವು ನಿಮಿಷಗಳಲ್ಲಿ ಈ ಒಲೆಗಳ ಗೋಡೆಯಲ್ಲಿ ಒಂದು ರಂಧ್ರ ತೆರೆದುಕೊಳ್ಳುತ್ತದೆ. ತೆರೆದು ಹಾಗೇ ಉಳಿದರೆ ಒಲೆ ಆರಿತು, ಕೋಶ ಸತ್ತಿತು. ಹಸಿವೆಯಿಂದ ಸಾಯದೆ ಉಳಿದದ್ದು ಊಟದಿಂದ ಸತ್ತಂತೆ! ನಮ್ಮ ವಿಷಯ ಒಳಗೆ ಕಾಲಿಡುವುದು ಈ ಬಾಗಿಲಿನಿಂದಲೇ.

ಕೋಶಗಳು ಒಂದರೊಡನೊಂದು ಮಾತಾಡುತ್ತವೆ. ಬಾಯಿಲ್ಲದ ಕಾರಣ ಓಲೆ ಬರೆಯುತ್ತವೆ ಎನ್ನೋಣ. ಒಂದು ಕೋಶ ಸಣ್ಣದೊಂದು ಪ್ರೋಟೀನನ್ನು ಹೊರಬಿಡುತ್ತದೆ. ಇನ್ನೊಂದರ ಮೈಮೇಲೆ ಅದಕ್ಕೆಂದೇ ಕಡೆದ ಗ್ರಾಹಕವೊಂದು ಇರುತ್ತದೆ. ಬೀಗದಲ್ಲಿ ಕೀಲಿಕೈ ಕೂತಂತೆ ಎರಡೂ ಕೂಡಿದಾಗ ಒಳಗೆ ಸುದ್ದಿ ಮುಟ್ಟುತ್ತದೆ. ಇಂಥ ಓಲೆಗಳಲ್ಲಿ ಒಂದು ಕುಲಕ್ಕೆ ವೃದ್ಧಿಕಾರಕಗಳೆಂದು ಹೆಸರು.

ಇವುಗಳಲ್ಲಿ ಮೊದಲನೆಯದು ಸಿಕ್ಕಿದ ಕಥೆ ಕೇಳತಕ್ಕದ್ದು. ಇಟಲಿಯ ತೂರಿನ್ ನಗರದ ರೀತಾ ಲೆವಿ-ಮೊಂತಾಲ್ಚೀನಿ ಎಂಬ ಯುವತಿ ವೈದ್ಯೆ ಯೆಹೂದ್ಯರಾದ್ದರಿಂದ, ೧೯೩೮ರ ಜನಾಂಗ ಕಾನೂನುಗಳು ಬಂದ ಮೇಲೆ ವಿಶ್ವವಿದ್ಯಾಲಯದಿಂದ ಹೊರಬಿದ್ದರು. ಅವರು ತಮ್ಮ ಮಲಗುವ ಕೋಣೆಯಲ್ಲೇ ಪ್ರಯೋಗಶಾಲೆ ಹೂಡಿ, ಹೊಲಿಗೆಯ ಸೂಜಿಗಳನ್ನು ಮಸೆದು ಉಪಕರಣ ಮಾಡಿಕೊಂಡು, ಕೋಳಿಮೊಟ್ಟೆಯೊಳಗಿನ ಭ್ರೂಣದ ನರಗಳನ್ನು ಅಭ್ಯಸಿಸಿದರು. ಯುದ್ಧ ಮುಗಿದು, ೧೯೪೭ರಲ್ಲಿ ಅಮೆರಿಕದ ಸೇಂಟ್ ಲೂಯಿಸಿಗೆ ಹೋದರು. ೧೯೫೨ರಲ್ಲಿ ಗಂತಿಯುಳ್ಳ ಇಲಿಗಳನ್ನು ವಿಮಾನದಲ್ಲಿ ಬ್ರೆಜಿಲಿನ ರಿಯೋ ನಗರಕ್ಕೆ ಒಯ್ದು, ಆ ಗಂತಿಯ ತುಣುಕುಗಳನ್ನು ನರಕೋಶಗಳ ಹತ್ತಿರ ಇಟ್ಟರು. ನರಕೋಶಗಳ ಸುತ್ತ ಸೂರ್ಯನ ಕಿರಣಗಳ ಹಾಗೆ ತಂತುಗಳು ಹೊರಟುವು. ಗಂತಿ ಏನೋ ಒಂದು ವಸ್ತುವನ್ನು ಒಸರುತ್ತಿತ್ತು. ಆ ವಸ್ತುವನ್ನು ಶುದ್ಧಿಮಾಡಲು ಜೊತೆಗೂಡಿದ ಸ್ಟ್ಯಾನ್ಲಿ ಕೋಹೆನ್ ಎಂಬುವರು, ಇಲಿಯ ಜೊಲ್ಲಿನ ಗ್ರಂಥಿಯ ರಸವನ್ನು ಎಳೆಯ ಮರಿಗಳಿಗೆ ಚುಚ್ಚಿದಾಗ, ಸುಮಾರು ಎರಡು ವಾರಕ್ಕೆ ಕಣ್ಣು ಬಿಡಬೇಕಾದ ಮರಿಗಳು ಏಳನೆಯ ದಿನಕ್ಕೇ ಬಿಟ್ಟುವು. ನರವನ್ನು ಬೆಳೆಸುವುದು ಒಂದು, ಚರ್ಮವನ್ನು ಬೆಳೆಸುವುದು ಇನ್ನೊಂದು, ಹೀಗೆ ಎರಡು ವೃದ್ಧಿಕಾರಕಗಳು ದೊರೆತುವು. ಇಬ್ಬರಿಗೂ ೧೯೮೬ರಲ್ಲಿ ನೊಬೆಲ್ ಬಹುಮಾನ ಬಂತು. ಆಕೆ ೧೦೩ ವರ್ಷ ಬದುಕಿ ೨೦೧೨ರಲ್ಲಿ ತೀರಿಕೊಂಡರು.

'ವೃದ್ಧಿಕಾರಕ' ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಬೆಳೆಸುವುದಷ್ಟೇ ಅದರ ಕೆಲಸವೆಂದುಕೊಳ್ಳುತ್ತೇವೆ. ಪಂಡಿತನಾದ ನನಗೆ ಇಲ್ಲಿ ವ್ಯಾಕರಣದ ಕಾರಕವೇ ನೆನಪಿಗೆ ಬಂತು. 'ಮರದಿಂದ ಹಣ್ಣು ಬಿತ್ತು', 'ಮರದಿಂದ ಬಾಗಿಲು ಮಾಡಿದನು'. ಎರಡು ಕಡೆಯೂ 'ಮರದಿಂದ' ಎಂಬುದು ಅದೇ ಪದ, ಅದೇ ಪ್ರತ್ಯಯ. ಒಂದು ಕಡೆ ಅಗಲಿಕೆ, ಇನ್ನೊಂದು ಕಡೆ ಸಾಧನ. ಅರ್ಥವನ್ನು ನಿರ್ಣಯಿಸುವುದು ಕ್ರಿಯಾಪದ. ವೃದ್ಧಿಕಾರಕವೂ ಅಂತೆಯೇ. ಭ್ರೂಣದ ಕೋಶಕ್ಕೆ 'ಇಬ್ಭಾಗವಾಗಿ ಬೆಳೆ' ಎಂದು ಹೇಳುವ ಓಲೆಯೇ, ಗಾಯಗೊಂಡ ಹೃದಯದ ಕೋಶಕ್ಕೆ 'ಸಾಯಬೇಡ, ತಾಳಿಕೋ' ಎಂಬ ಅರ್ಥ ಕೊಡುತ್ತದೆ. ಅದರ ನೆರೆಯ ಇನ್ನೊಂದು ಬಗೆಯ ಕೋಶಕ್ಕೆ 'ನಾರು ನೆಯ್ದು ಗಾಯ ಮುಚ್ಚು' ಎಂದಾಗಬಹುದು. ಯಾರು ಓದಿದರು, ಯಾವಾಗ ಓದಿದರು ಎಂಬುದರ ಮೇಲೆ ಎಲ್ಲವೂ ನಿಂತಿದೆ.

'ಸಾಯಬೇಡ' ಎಂಬ ಅರ್ಥವನ್ನೇ ಮೊದಲು ನೋಡೋಣ. ಇನ್ಸುಲಿನ್ನು, ಅದಕ್ಕೆ ದಾಯಾದಿಯಾದ ಒಂದು ವೃದ್ಧಿಕಾರಕ, ಇವು ಹೃದಯಕೋಶದ ಗ್ರಾಹಕವನ್ನು ಮುಟ್ಟಿದಾಗ ಒಳಗೆ ಕೈನೇಸ್ ಎಂಬ ಪ್ರೋಟೀನುಗಳು ಸರಣಿಯಾಗಿ ಎಚ್ಚರಗೊಳ್ಳುತ್ತವೆ. ಒಂದು ಮತ್ತೊಂದರ ಹಣೆಗೆ ರಂಜಕದ ತಿಲಕವಿಡುತ್ತದೆ; ತಿಲಕ ಬಿದ್ದುದು ಕೆಲಸಕ್ಕೆ ಏಳುತ್ತದೆ. ಸರಣಿಯಲ್ಲಿ ಮುಖ್ಯವಾದುವು ಆಕ್ಟ್ ಮತ್ತು ಎರ್ಕ್ ಎಂಬ ಎರಡು. ಇವು ಮಾಡುವ ಉಪಕಾರವೇನೆಂದರೆ ಮೈಟೊಕಾಂಡ್ರಿಯದ ಆ ರಂಧ್ರ ತೆರೆದುಕೊಳ್ಳದ ಹಾಗೆ ನೋಡಿಕೊಳ್ಳುವುದು. ಓಲೆಯು ಒಲೆಯನ್ನು ಕಾಯುತ್ತದೆ! ಲಂಡನ್ನಿನ ಯೆಲ್ಲನ್, ಹಾಸೆನ್‌ಲಾಯ್ ಮೊದಲಾದವರು ಈ ದಾರಿಗೆ ಇಟ್ಟ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ರಿಸ್ಕ್' ಎಂದಾಗುತ್ತದೆ. ಕಾಪಾಡುವ ದಾರಿಗೆ ಅಪಾಯವೆಂದು ಹೆಸರಿಟ್ಟವರ ವಿನೋದವೇ ವಿನೋದ.

ಇದೇ ಕಾಪು ಹೃದಯಕ್ಕೆ ಸ್ವಭಾವದಿಂದಲೂ ಉಂಟೆಂದು ತೋರಿಸಿದುದು ಒಂದು ವಿಚಿತ್ರ ಪ್ರಯೋಗ. ೧೯೮೬ರಲ್ಲಿ ಮರ್ರಿ, ಜೆನ್ನಿಂಗ್ಸ್, ರೈಮರ್ ಎಂಬುವರು ನಾಯಿಯ ಕಿರೀಟಧಮನಿಯನ್ನು ಐದೈದು ನಿಮಿಷ ಕಟ್ಟಿ, ಐದೈದು ನಿಮಿಷ ಬಿಟ್ಟು, ಹೀಗೆ ನಾಲ್ಕು ಸಲ ಮಾಡಿದರು. ಆಮೇಲೆ ೪೦ ನಿಮಿಷ ಕಟ್ಟಿದರು. ಮೊದಲೇ ಬಳಲಿದ ಹೃದಯ ಹೆಚ್ಚು ಕೆಡಬೇಕಲ್ಲವೇ? ಕೆಟ್ಟದ್ದು ಕಾಲುಭಾಗ ಮಾತ್ರ. ಸಣ್ಣ ಕಷ್ಟ ಕಂಡ ಕೋಶಗಳು ದೊಡ್ಡ ಕಷ್ಟಕ್ಕೆ ಅಣಿಯಾಗಿದ್ದುವು. ಹಾಗೆ ಅಣಿಗೊಳಿಸುವ ಸಂಕೇತಗಳು ಬಹುಮಟ್ಟಿಗೆ ಇದೇ ಕೈನೇಸ್ ದಾರಿಯಲ್ಲಿ ನಡೆಯುತ್ತವೆಂದು ಮುಂದೆ ತಿಳಿಯಿತು.

ಹೃದಯಕ್ಕೆ ಈ ಓಲೆಗಳು ಕಷ್ಟಕಾಲದಲ್ಲಿ ಮಾತ್ರವಲ್ಲ, ನಿತ್ಯವೂ ಬೇಕು ಎಂಬುದು ಗೊತ್ತಾದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಕೋಹೆನ್ನರು ಕಂಡ ಚರ್ಮಕಾರಕದ ಬಳಗಕ್ಕೆ ಸೇರಿದ ಒಂದು ಗ್ರಾಹಕ ಕೆಲವು ಸ್ತನ ಕ್ಯಾನ್ಸರುಗಳಲ್ಲಿ ಅತಿಯಾಗಿರುತ್ತದೆ. ಅದನ್ನು ಕಟ್ಟಿಹಾಕುವ ಟ್ರಾಸ್ಟುಜುಮಾಬ್ ಎಂಬ ಔಷಧ ೧೯೯೮ರಲ್ಲಿ ಬಳಕೆಗೆ ಬಂತು. ಅನೇಕ ತಾಯಂದಿರ ಪ್ರಾಣ ಉಳಿಸಿದ ಒಳ್ಳೆಯ ಔಷಧ ಅದು. ಆದರೆ ಹೃದಯಕ್ಕೆ ತ್ರಾಸವಾದ ಇನ್ನೊಂದು ಬಗೆಯ ಕ್ಯಾನ್ಸರ್ ಔಷಧದೊಡನೆ ಇದನ್ನು ಕೊಟ್ಟಾಗ, ೨೦೦೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನೂರಕ್ಕೆ ೨೭ ಮಂದಿಯ ಹೃದಯದ ಕೆಲಸ ಕುಂದಿತು. ಕಾರಣ ಹುಡುಕಿದಾಗ ಆ ಗ್ರಾಹಕ ಹೃದಯದಲ್ಲಿಯೂ ಉಂಟೆಂದೂ, ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಒಳಪದರ ನ್ಯೂರೆಗ್ಯುಲಿನ್ ಎಂಬ ಓಲೆಯನ್ನು ಪಕ್ಕದ ಸ್ನಾಯುಕೋಶಗಳಿಗೆ ಕಳಿಸುತ್ತಲೇ ಇರುತ್ತದೆಂದೂ ಸ್ಪಷ್ಟವಾಯಿತು. ನಾಳ ಎಂದರೆ ರಕ್ತ ಹರಿಯುವ ಕೊಳವೆ ಎಂದಷ್ಟೇ ತಿಳಿದಿದ್ದ ನನಗೆ ಇದು ಬೆರಗು. ಅದು ಅನ್ನವನ್ನು ತರುವುದರ ಜೊತೆಗೆ ಕ್ಷೇಮಸಮಾಚಾರವನ್ನೂ ತರುತ್ತದೆ. ಅದು ಮುಚ್ಚಿದಾಗ ಎರಡೂ ತಪ್ಪುತ್ತವೆ. (ಈ ಔಷಧ ತೆಗೆದುಕೊಳ್ಳುತ್ತಿರುವವರು ಹೆದರಿ ನಿಲ್ಲಿಸಬಾರದು. ಹೃದಯವನ್ನು ಆಗಾಗ ಪರೀಕ್ಷಿಸುತ್ತ ಕೊಡುವುದು ಈಗ ವಾಡಿಕೆಯಾಗಿದೆ; ಕುಂದಿದ ಶಕ್ತಿ ಅನೇಕರಲ್ಲಿ ಮರಳುತ್ತದೆ.)

ರಕ್ತ ಸಾಲದ ಭಾಗ ಸುಮ್ಮನೆ ಕೂತಿರುವುದಿಲ್ಲ. ಹೊಸ ನಾಳಕ್ಕಾಗಿ ಮನವಿ ಕಳಿಸುತ್ತದೆ. ಈ ಮನವಿಯ ವ್ಯವಸ್ಥೆ ಬಹು ಸೊಗಸು. ಪ್ರತಿ ಕೋಶವೂ 'ಉಸಿರಿಲ್ಲ' ಎಂಬ ಚೀಟಿಯೊಂದನ್ನು ಎಡೆಬಿಡದೆ ಬರೆಯುತ್ತಿರುತ್ತದೆ. ಆಮ್ಲಜನಕವಿದ್ದರೆ ಅದೇ ಬಂದು ಚೀಟಿಯನ್ನು ಹರಿದುಹಾಕುತ್ತದೆ. ಆಮ್ಲಜನಕವಿಲ್ಲದಾಗ ಹರಿಯುವವರಿಲ್ಲ; ಚೀಟಿ ಕೋಶದ ಗರ್ಭಗುಡಿಯನ್ನು ಹೊಕ್ಕು, ನಾಳ ಬೆಳೆಸುವ ವೃದ್ಧಿಕಾರಕವನ್ನು ಬರೆಸುತ್ತದೆ. ಈ ರಹಸ್ಯವನ್ನು ಬಿಡಿಸಿದ ಸೆಮೆಂಜಾ, ರ‍್ಯಾಟ್‌ಕ್ಲಿಫ್, ಕೇಲಿನ್ ಎಂಬ ಮೂವರಿಗೆ ೨೦೧೯ರ ನೊಬೆಲ್ ಬಹುಮಾನ ಸಂದಿತು. ನಾಳ ಬೆಳೆಸುವ ಕಾರಕದ ಗುರುತು ಮೊದಲು ೧೯೮೩ರಲ್ಲಿ ಸಿಕ್ಕಿತ್ತು. ೧೯೮೯ರಲ್ಲಿ ಕ್ಯಾಲಿಫೋರ್ನಿಯದ ಫೆರಾರಾ ಎಂಬುವರು ಅದನ್ನು ಶುದ್ಧರೂಪದಲ್ಲಿ ಹಿಡಿದರು.

ಆಗ ಎಂಥ ಉತ್ಸಾಹ! ಕಟ್ಟಿದ ನಾಳವನ್ನು ತೆರೆಯುವುದೇಕೆ, ಕಾರಕವನ್ನೇ ಸುರಿದು ಹೊಸ ನಾಳ ಬೆಳೆಸಿಬಿಡೋಣ ಎಂದು ವೈದ್ಯರು ಕನಸು ಕಂಡರು. ಪ್ರಾಣಿಗಳಲ್ಲಿ ಫಲವೂ ಕಾಣಿಸಿತು. ೧೭೮ ಮಂದಿ ಎದೆನೋವಿನ ರೋಗಿಗಳ ಮೇಲೆ ಪರೀಕ್ಷೆ ನಡೆದು ೨೦೦೩ರಲ್ಲಿ ಫಲಿತಾಂಶ ಹೊರಬಂತು. ಔಷಧ ಪಡೆದವರು ಅರುವತ್ತನೆಯ ದಿನ ಮೊದಲಿಗಿಂತ ಹೆಚ್ಚು ಹೊತ್ತು ನಡೆದರು, ನಿಜ. ಔಷಧವೆಂದು ಹೇಳಿ ಬರಿಯ ದ್ರವ ಪಡೆದವರೂ ಅಷ್ಟೇ ನಡೆದರು. ಇನ್ಸುಲಿನ್ನಿನ ಕಥೆಯೂ ಹೀಗೆಯೇ. ಇನ್ಸುಲಿನ್, ಗ್ಲೂಕೋಸ್, ಪೊಟಾಸಿಯಂ ಮೂರನ್ನೂ ಕೂಡಿಸಿ ಹೃದಯಾಘಾತವಾದವರಿಗೆ ಕೊಟ್ಟು ನೋಡಿದ ಬಹು ದೊಡ್ಡ ಪರೀಕ್ಷೆಯಲ್ಲಿ ಭಾರತದವರೂ ಸೇರಿ ೨೦,೨೦೧ ರೋಗಿಗಳಿದ್ದರು. ೨೦೦೫ರಲ್ಲಿ ಬಂದ ಲೆಕ್ಕದಂತೆ, ಮೂವತ್ತು ದಿನಗಳೊಳಗೆ ತೀರಿಕೊಂಡವರು ಔಷಧ ಪಡೆದವರಲ್ಲಿ ನೂರಕ್ಕೆ ೧೦, ಪಡೆಯದವರಲ್ಲಿ ನೂರಕ್ಕೆ ೯.೭. ಪ್ರಯೋಜನವಿಲ್ಲ.

ಏಕೆ ಹೀಗೆ? ಓಲೆ ಸುಳ್ಳಾಗಿರಲಿಲ್ಲ. ತಲಪಬೇಕಾದ ನಿಮಿಷಕ್ಕೆ ತಲಪದೆ, ತಲಪಬೇಕಾದ ಬಾಗಿಲಿಗೆ ಮುಟ್ಟದೆ, ಊರೆಲ್ಲ ಚೆಲ್ಲಿದ ಕರಪತ್ರವಾಯಿತು. ರಕ್ತದಲ್ಲಿ ಬೆರೆತ ಕಾರಕ ಬಹುಬೇಗ ನಾಶವಾಗುತ್ತದೆ. ನಾಳ ಕಟ್ಟುವುದು ಅದೊಂದರ ಕೈಯಲ್ಲಿಯೂ ಇಲ್ಲ: ಒಂದು ಕಾರಕ ಮೊಳಕೆ ಒಡೆಸಿದರೆ, ಇನ್ನೊಂದು ಗೋಡೆಗೆ ಆಸರೆ ಕೋಶಗಳನ್ನು ಕರೆಯಬೇಕು, ಮತ್ತೊಂದು ಬಿಗಿಗೊಳಿಸಬೇಕು. ಮೊದಲನೆಯದೊಂದನ್ನೇ ಸುರಿದರೆ ಸೋರುವ ನಾಳಗಳ ಗೋಜಲು ಬೆಳೆಯುತ್ತದೆ. ಗಾರೆಯವನಿಲ್ಲದೆ ಇಟ್ಟಿಗೆ ಹೊರುವವರನ್ನೇ ನೂರು ಮಂದಿ ಕರೆತಂದಂತೆ. ಇನ್ನು ರೋಗಿ ತಡವಾಗಿ ಬಂದಿದ್ದರೆ ಓಲೆ ಓದಬೇಕಾದ ಕೋಶವೇ ಮನೆಯಲ್ಲಿ ಇರುವುದಿಲ್ಲ.

ಈಗ ಮೇಷ್ಟ್ರ ಕಲೆಗೆ ಬರೋಣ. ದೊಡ್ಡ ಹೃದಯಾಘಾತದಲ್ಲಿ ಸುಮಾರು ನೂರು ಕೋಟಿಯವರೆಗೆ ಸ್ನಾಯುಕೋಶಗಳು ಸಾಯುತ್ತವೆ. ಸತ್ತ ಜಾಗ ಮೊದಲ ವಾರದಲ್ಲಿ ಮೆತ್ತಗಾಗಿ, ಒಳಗಿನ ಒತ್ತಡಕ್ಕೆ ಬಿರಿಯುವ ಭಯವೂ ಉಂಟು. ಆಗ ಟಿ.ಜಿ.ಎಫ್. ಬೀಟಾ ಎಂಬ ವೃದ್ಧಿಕಾರಕ ನಾರುಕೋಶಗಳನ್ನು ಎಬ್ಬಿಸಿ, ಗಟ್ಟಿಯಾದ ನಾರಿನಿಂದ ಗೋಡೆಯನ್ನು ನೆಯ್ಯಿಸುತ್ತದೆ. ಕೆಲವು ವಾರಗಳಲ್ಲಿ ಕಲೆ ಬಲಿಯುತ್ತದೆ. ಅದು ಬಡಿಯುವುದಿಲ್ಲ, ಆದರೆ ಬಿರಿಯಗೊಡುವುದೂ ಇಲ್ಲ. ಮೇಷ್ಟ್ರು ಹಳಿಯುತ್ತಿದ್ದ ಕಲೆ ಅವರ ಪ್ರಾಣ ಕಾದಿತ್ತು. ತೊಂದರೆ ಬರುವುದು ಓಲೆ ನಿಲ್ಲದಿದ್ದಾಗ. ಗಾಯ ಮುಚ್ಚಿದ ಮೇಲೂ ನೆಯ್ಯುತ್ತಲೇ ಹೋದರೆ ಆರೋಗ್ಯವಾಗಿದ್ದ ಭಾಗವೂ ಬಿರುಸಾಗುತ್ತದೆ, ಹೃದಯ ಹಿಗ್ಗುತ್ತದೆ, ಸೋಲುತ್ತದೆ.

ಸಂಕೇತಗಳನ್ನು ತಡೆಯುವ ವಿದ್ಯೆ, ಸುರಿಯುವ ವಿದ್ಯೆಗಿಂತ ಮುಂದೆ ಹೋಗಿರುವುದು ಇಲ್ಲಿಯೇ. ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ಈ ನಾರಿನ ಕೆಲಸಕ್ಕೆ ಕುಮ್ಮಕ್ಕು ಕೊಡುತ್ತದೆ. ಬ್ರೆಜಿಲಿನ ಜರರಾಕಾ ಎಂಬ ಹಾವಿನ ವಿಷದಲ್ಲಿ ಫೆರೇರಾ ಎಂಬ ವಿಜ್ಞಾನಿ ೧೯೬೫ರಲ್ಲಿ ಕಂಡ ವಸ್ತುವಿನ ಜಾಡು ಹಿಡಿದು, ಆಂಜಿಯೊಟೆನ್ಸಿನ್ ಹುಟ್ಟದಂತೆ ಮಾಡುವ ಕ್ಯಾಪ್ಟೊಪ್ರಿಲ್ ಮಾತ್ರೆ ತಯಾರಾಯಿತು. ಹೃದಯಾಘಾತದಿಂದ ಹೃದಯದ ಶಕ್ತಿ ಕುಂದಿದ ೨,೨೩೧ ರೋಗಿಗಳ ಪರೀಕ್ಷೆಯಲ್ಲಿ ಈ ಮಾತ್ರೆ ಸಾವನ್ನು ನೂರಕ್ಕೆ ೧೯ರಷ್ಟು ತಗ್ಗಿಸಿತೆಂದು ೧೯೯೨ರಲ್ಲಿ ತಿಳಿಯಿತು. ಇದೇ ಬಳಗದ ಒಂದು ಮಾತ್ರೆ ಮೇಷ್ಟ್ರ ಜೇಬಿನಲ್ಲಿದೆ. ಎದೆನೋವೇ ಇಲ್ಲವಲ್ಲ, ಇದೇಕೆ ಎಂದು ನಡುವೆ ಹದಿನೈದು ದಿನ ಬಿಟ್ಟಿದ್ದರಂತೆ! ಅದು ನೋವಿನ ಮಾತ್ರೆಯಲ್ಲ, ಅತಿಯಾದ ನೇಯ್ಗೆಯನ್ನು ಹಿಡಿದು ನಿಲ್ಲಿಸುವುದು ಎಂದು ಹೇಳಿದ ಮೇಲೆ ಮತ್ತೆ ಶುರುಮಾಡಿದ್ದಾರೆ.

ಉಳಿದದ್ದು ಅವರ ಮೂಲಪ್ರಶ್ನೆ: ಬೆರಳು ಕೂಡಿಕೊಳ್ಳುವಂತೆ ಹೃದಯ ಕೂಡಿಕೊಳ್ಳಲಾರದೆ? ಬೆರಳಿನ ಚರ್ಮದ ಕೋಶಗಳು ಜೀವಮಾನವೆಲ್ಲ ಇಬ್ಭಾಗವಾಗುತ್ತಲೇ ಇರುತ್ತವೆ. ಹೃದಯದ ಸ್ನಾಯುಕೋಶಗಳು ಹುಟ್ಟಿದ ಸ್ವಲ್ಪ ದಿನಕ್ಕೇ ಆ ಅಭ್ಯಾಸವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ಪೂರ್ತಿ ಬಿಡುತ್ತವೆಯೆ? ಇದನ್ನು ಅಳೆದ ಬಗೆ ಕೇಳಿ. ೧೯೬೩ರವರೆಗೆ ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ ಗಾಳಿಯಲ್ಲಿ ಇಂಗಾಲದ ಒಂದು ವಿಕಿರಣರೂಪ ಹೆಚ್ಚಿ, ಆಮೇಲೆ ವರ್ಷವರ್ಷಕ್ಕೂ ಇಳಿಯುತ್ತ ಬಂತು. ಕೋಶ ಹುಟ್ಟಿದ ವರ್ಷದ ಗುರುತು ಅದರ ವಂಶತಂತುವಿನಲ್ಲಿ ಹಾಗೇ ಉಳಿಯುತ್ತದೆ. ಸ್ವೀಡನ್ನಿನ ಬರ್ಗ್‌ಮನ್, ಫ್ರಿಸೆನ್ ಮೊದಲಾದವರು ಆ ಗುರುತನ್ನು ಓದಿ ೨೦೦೯ರಲ್ಲಿ ತಿಳಿಸಿದುದೇನೆಂದರೆ, ೨೫ರ ಪ್ರಾಯದಲ್ಲಿ ವರ್ಷಕ್ಕೆ ನೂರರಲ್ಲಿ ಒಂದು ಸ್ನಾಯುಕೋಶ ಹೊಸದಾಗುತ್ತದೆ. ೭೫ರಲ್ಲಿ ಅದು ಅರ್ಧಕ್ಕಿಂತ ಕಡಿಮೆ. ಜಗತ್ತನ್ನು ಸುಡಲು ಮಾಡಿದ ಬಾಂಬು ಹೃದಯ ಸಣ್ಣಗೆ ಚಿಗುರುವುದನ್ನು ತೋರಿಸಿಕೊಟ್ಟಿತು. ಜೀಬ್ರಾ ಮೀನು ಎಂಬ ಸಣ್ಣ ಮೀನು ಹೃದಯದ ಐದರಲ್ಲೊಂದು ಪಾಲು ಕತ್ತರಿಸಿದರೂ ಎರಡು ತಿಂಗಳಲ್ಲಿ ಮತ್ತೆ ಬೆಳೆಸಿಕೊಳ್ಳುತ್ತದೆ. ಹುಟ್ಟಿದ ಹೊಸದರಲ್ಲಿ ಇಲಿಮರಿಯೂ ಬೆಳೆಸಿಕೊಳ್ಳಬಲ್ಲುದು. ಏಳು ದಿನ ತುಂಬುವಷ್ಟರಲ್ಲಿ ಆ ಶಕ್ತಿ ಹೋಗುತ್ತದೆ. ಮರೆತ ಆ ಪಾಠವನ್ನು ನ್ಯೂರೆಗ್ಯುಲಿನ್ ಮುಂತಾದ ಓಲೆಗಳಿಂದ ನೆನಪಿಸಬಹುದೇ ಎಂಬ ಸಂಶೋಧನೆ ನಡೆದಿದೆ.

ಮೊನ್ನೆ ಮೇಷ್ಟ್ರು ಮತ್ತೆ ಹೃದಯದ ಚಿತ್ರ ತೆಗೆಸಿಕೊಂಡು ಬಂದರು. ಮೊದಲ ಚಿತ್ರದಲ್ಲಿ ಹೃದಯ ಒಂದು ಬಡಿತಕ್ಕೆ ತನ್ನಲ್ಲಿದ್ದ ರಕ್ತದ ನೂರಕ್ಕೆ ೩೫ ಪಾಲನ್ನು ಹೊರಗೆ ತಳ್ಳುತ್ತಿತ್ತು, ಈಗ ೪೨. "ಬೆಳೆದಿದೆ ಪಂಡಿತರೇ!" ಎಂದರು. ಅವರ ವೈದ್ಯರನ್ನು ಇಬ್ಬರೂ ಹೋಗಿ ಕೇಳಿದೆವು. ಹೊಸ ಕೋಶಗಳಲ್ಲವಂತೆ. ಕಲೆಯ ಅಂಚಿನಲ್ಲಿ ಸಾಯದೆ, ಕೆಲಸವನ್ನೂ ಮಾಡದೆ ಮೂರ್ಛೆ ಹೋದ ಕೋಶಗಳಿರುತ್ತವಂತೆ. ರಕ್ತ ಮರಳಿದ ಮೇಲೆ ದಿನಗಳೋ ವಾರಗಳೋ ಕಳೆದು ಒಂದೊಂದಾಗಿ ಎಚ್ಚತ್ತುಕೊಳ್ಳುತ್ತವಂತೆ. ಎಷ್ಟು ಬೇಗ ನಾಳ ತೆರೆದರೆ ಅಷ್ಟು ಹೆಚ್ಚು ಕೋಶಗಳು ಸಾವಿನ ಕಡೆಗಲ್ಲದೆ ಮೂರ್ಛೆಯ ಕಡೆಗೆ ಉಳಿದಿರುತ್ತವೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ರಾತ್ರಿ ಹತ್ತಕ್ಕೇ ಹೊರಟಿದ್ದರೆ?" ಎಂದರು. ವೈದ್ಯರು ಉತ್ತರ ಹೇಳಲಿಲ್ಲ. ದಿನಕ್ಕೆ ಅರ್ಧ ಗಂಟೆ ನಡೆಯುತ್ತಿದ್ದೀರಷ್ಟೆ ಎಂದು ಕೇಳಿ, ಚೀಟಿ ಬರೆದುಕೊಟ್ಟರು.